ಸೆಲೆನಿಯಂ ನೆನೆಸೋ ನೀರಿಗೆ ಹಾಕಬ್ಯಾಡ್ರಿ
ಚಿಪ್ಪು ಅಣಬೆಗೆ ಸೆಲೆನಿಯಂ (ಮೈಗೆ ಅತಿ ತುಸು ಬೇಕಾದ ಖನಿಜ) ಸೇರಿಸಲು ಹುಲ್ಲು ನೆನೆಸುವ ನೀರಿಗೇ ಸೋಡಿಯಂ ಸೆಲೆನೈಟ್ (ಸೆಲೆನಿಯಂ ಇರೋ ಲವಣ) ಬೆರೆಸಿ ಅಂತ ನಿಮ್ಮ ಲೇಖನದಾಗ ಬರದೀರಿ. ಅಲ್ಲೇ ಲೆಕ್ಕ ತಪ್ಪೋದು. ಬಸಿದ ನೀರಿನ ಜೋಡಿ ಎಷ್ಟು ಹೋತು, ಹುಲ್ಲಿನ್ಯಾಗ ಎಷ್ಟು ಉಳೀತು ಗೊತ್ತಾಗಂಗಿಲ್ಲ; ಆ ವಿಷದ ನೀರು ಬದುವಿಗೆ ಹರಿಯೋದು ಬ್ಯಾರೆ.

ನಮ್ಮ ವಿಜಯಪುರ ಕಡೆ ಜೋಳದ ಕಣಿಕೆ ಬಳಸೋರು ಅದನ್ನ ಕುದಿಸಿ, ಬಸಿದು, ನೆರಳಿನ್ಯಾಗ ತುಸು ಜಾಸ್ತಿನೇ ಆರಿಸ್ರಿ. 2.2 ಗ್ರಾಂ ಜಲರಹಿತ (anhydrous) ಸೋಡಿಯಂ ಸೆಲೆನೈಟ್ 1 ಲೀಟರ್ ನೀರಿನ್ಯಾಗ ಕರಗಿಸಿದ್ರ ಮಿಲಿಗೆ ಸುಮಾರು 1 ಮಿಲಿಗ್ರಾಂ ಸೆಲೆನಿಯಂ. ಕಿಲೋ ಒಣ ಕಣಿಕೆಗೆ ಶುರುವಿಗೆ ಈ ದ್ರಾವಣ 10 ಮಿಲಿ ಸಾಕು. ಅದನ್ನ ಕುದಿಸಿ ಆರಿಸಿದ ನೀರಿಗೆ ಬೆರೆಸಿ ಕಣಿಕೆ ಮ್ಯಾಲೆ ಚಿಮುಕಿಸ್ರಿ. ಹಿಂಡಿದ್ರ ಒಂದೆರಡು ಹನಿ ಬಂದ್ರ ಹದ ಸರಿ. ಸೆಲೆನೈಟ್ ಪುಡಿ ವಿಷ, ಕೈಗವಸು, ಮಾಸ್ಕ್ ಬೇಕೇ ಬೇಕು. ಅಡಿಗಿಮನಿ ತಕ್ಕಡಿ ಇದಕ್ಕ ನಡ್ಯಂಗಿಲ್ಲ.

ಡೋಸ್ ಹೆಚ್ಚಾದ್ರ ಚೀಲದಾಗ ಅಣಬೆಯ ಬಿಳಿ ಜಾಲ ಹಬ್ಬೋದು ನಿಧಾನ, ಕೆಂಪು ಛಾಯೆ, ಬೆಳ್ಳುಳ್ಳಿಯಂಥ ವಾಸನಿ. ಆ ಚೀಲದ ಅಣಬೆ ತಿನ್ನಬ್ಯಾಡ್ರಿ.

ಸತುವಿಗಂತ ಗೊಬ್ಬರದಂಗಡಿ ಜಿಂಕ್ ಸಲ್ಫೇಟ್ ಹಾಕೋದಂತೂ ಬ್ಯಾಡೇ ಬ್ಯಾಡ. ಅದರಾಗ ಕ್ಯಾಡ್ಮಿಯಂ ಅನ್ನೋ ವಿಷದ ಲೋಹ ಇದ್ರ ಅಣಬೆ ಅದನ್ನೂ ಹೀರತದ.

ಮಾರೋ ಮುಂದ ಪ್ರತಿ ಕೊಯ್ಲಿನ ಅಣಬೆ ಒಣಪುಡಿ ಬ್ಯಾರೆ ಬ್ಯಾರೆ ಲ್ಯಾಬಿಗೆ ಕೊಡ್ರಿ. ಗ್ರಾಂಗೆ 20 ಮೈಕ್ರೋಗ್ರಾಂ ಸೆಲೆನಿಯಂ ಬಂತಂದ್ರ, ದೊಡ್ಡವರಿಗೆ ದಿನಕ್ಕ ಬೇಕಾದ 40 ಮೈಕ್ರೋಗ್ರಾಂ 2 ಗ್ರಾಂ ಪುಡಿಯಾಗೇ ಆತು. ಚಮಚಗಟ್ಟಲೆ ತಿನ್ನೋ ಸಾಮಾನಲ್ಲ ಇದು.