ಯಾವ ಹಾಡು ಅನ್ನುವುದಕ್ಕಿಂತ ಹೇಗೆ ಶುರುವಾಗುತ್ತೆ ಅನ್ನೋದು ಮುಖ್ಯ

ಆಟಿಸಂ ಇರುವ ಮಕ್ಕಳಿಗೆ ಹಾಡು ಕೇಳಿಸಿದರೆ ಸಮಾಧಾನವಾಗುತ್ತೆ ಅಂತ ಲೇಖನದಲ್ಲಿ ಬರೆದಿದ್ದೀರಿ. ನಿಜ, ಆದರೆ ಅರ್ಧ ಮಾತ್ರ.

ಆಟಿಸಂ ಇರುವ ನನ್ನ ಮಗನಿಗೆ ಒಂಬತ್ತು ವರ್ಷ. ರಾತ್ರಿ ಅಜ್ಜಿ ಜೋಗುಳ ಹಾಡಿದರೆ ಅವರ ಗಂಟಲ ಮೇಲೆ ಅಂಗೈ ಇಟ್ಟುಕೊಂಡು ಹಾಗೇ ನಿದ್ದೆ ಹೋಗ್ತಾನೆ. ಕಳೆದ ವರ್ಷ ನೆಂಟರ ಮದುವೆಯಲ್ಲೂ ನಾಗಸ್ವರ ಕೇಳುತ್ತಾ ಚೆನ್ನಾಗೇ ಕೂತಿದ್ದ. ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಶುರುವಾಯಿತು ನೋಡಿ, ಕಿವಿ ಮುಚ್ಚಿಕೊಂಡು ಕುರ್ಚಿ ಕೆಳಗೆ ನುಸುಳಿದ. ಈಚೆ ಬರೋಕೆ ಅರ್ಧ ಗಂಟೆ ಹಿಡೀತು. ಸುತ್ತಲಿದ್ದವರು ಹಠ ಅಂದ್ಕೊಂಡರು. ಹಠ ಅಲ್ಲ ಅದು, ನೋವು.

ಆಟಿಸಂ ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲೇ ಶಬ್ದ, ಬೆಳಕು, ಸ್ಪರ್ಶಕ್ಕೆ ಆಗುವ ಈ ಅತಿಯಾದ ಪ್ರತಿಕ್ರಿಯೆಯನ್ನು ಲಕ್ಷಣಗಳಲ್ಲಿ ಸೇರಿಸಿದೆ. ಕಿವಿ ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದರೂ ಹೀಗಾಗಬಹುದು. ತಾನೇ ಮೊಬೈಲಲ್ಲಿ ಹಾಕಿಕೊಂಡ ಹಾಡು ಜೋರಾಗಿದ್ದರೂ ಅವನಿಗೆ ತೊಂದರೆಯಿಲ್ಲ. ಮುಂದೇನು ಬರುತ್ತೆ ಅಂತ ಗೊತ್ತಿರುತ್ತಲ್ಲ, ನಿಲ್ಲಿಸುವ ಗುಂಡಿಯೂ ಅವನ ಕೈಯಲ್ಲೇ ಇರುತ್ತೆ.

ಈಗ ಮದುವೆಗೆ ಹೋದರೆ ಸದ್ದು ತಗ್ಗಿಸೋಕೆ ಕಿವಿ ಮುಚ್ಚುವ ಇಯರ್‌ಮಫ್ ಜೊತೆಗಿರುತ್ತೆ. ವಾಲಗದವರಿಗೆ ಮೊದಲೇ ಹೇಳಿದರೆ ಗಟ್ಟಿಮೇಳಕ್ಕೆ ಮುಂಚೆ ಪಾಪ ಅವರೇ ಸನ್ನೆ ಮಾಡ್ತಾರೆ. ಗಣೇಶನ ಮೆರವಣಿಗೆಯ ಡಿಜೆಗೆ ಮಾತ್ರ ನಮ್ಮಲ್ಲಿ ಉಪಾಯವಿಲ್ಲ. ಆ ಬಾಸ್, ಅಂದರೆ ತಗ್ಗು ದನಿಯ ಗುಡುಗು, ಕಿವಿ ಬಿಟ್ಟು ಎದೆಗೇ ಬಡಿಯುತ್ತೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತೆ. ದಯವಿಟ್ಟು ಇದರ ಬಗ್ಗೆಯೂ ಬರೆಯಿರಿ.