ಅವರು ಕ್ಷಮಿಸಿದರೆ ನಮ್ಮ ಲೆಕ್ಕ ಚುಕ್ತಾ ಆಗುತ್ತದೆಯೆ?

ನಿನ್ನೆ ರಾತ್ರಿ ಬೈಬಲ್ ಅಧ್ಯಯನ ಮುಗಿಸಿ ಬಂದಾಗಿನಿಂದ ಮನಸ್ಸು ಕುದಿಯುತ್ತಿದೆ. ಇಲ್ಲಿ ಅಮೆರಿಕದಲ್ಲಿ ನಾನು ಹೋಗುವ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆರು ವಾರಗಳಿಂದ ಪ್ರತಿ ಬುಧವಾರ ಜನಾಂಗೀಯ ನ್ಯಾಯ, ಸಮಾಧಾನ ಅಂತ ಕೂತು ಓದುತ್ತಿದ್ದೇವೆ. ನಿನ್ನೆ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಊರಿನ ವಿಷಯ ಬಂತು.

2015ರ ಜೂನ್ 17. ಅಂದೂ ಬುಧವಾರ, ಅಲ್ಲೂ ಬೈಬಲ್ ಅಧ್ಯಯನ. ಇಮ್ಯಾನುಯೆಲ್ ಎ.ಎಂ.ಇ. (ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್, ಕಪ್ಪು ಜನರೇ ಕಟ್ಟಿಕೊಂಡ ಪಂಗಡ) ಸಭೆಯವರು ಗುರುತು ಪರಿಚಯವಿಲ್ಲದ ಬಿಳಿಯ ಹುಡುಗನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಕೊನೆಯ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಅವನು ಗುಂಡು ಹಾರಿಸಿದ. ಒಂಬತ್ತು ಜನ ಸತ್ತರು. ಎರಡೇ ದಿನಕ್ಕೆ ಕೋರ್ಟಿನಲ್ಲಿ ಸತ್ತವರ ಮನೆಯವರು ಕೆಲವರು ಅವನಿಗೆ ‘ಕ್ಷಮಿಸಿದ್ದೇನೆ’ ಅಂದರು.

ಇದನ್ನು ಓದಿ ಮುಗಿಸಿದ್ದೇ ತಡ, ನಮ್ಮ ಗುಂಪಿನ ಒಬ್ಬರು ಎದುರಿಗೆ ಕೂತಿದ್ದ ಹಿರಿಯ ಕಪ್ಪು ಸಹೋದರಿಯ ಕಡೆ ತಿರುಗಿ, ‘ನೋಡಿ, ಅವರೇ ಕ್ಷಮಿಸಿಬಿಟ್ಟರು. ಉಳಿದವರು ಯಾಕೆ ಹಳೆಯದನ್ನೇ ಕೆದಕುತ್ತಾರೋ!’ ಅಂದರು. ಆಕೆ ಮಾತಾಡಲಿಲ್ಲ. ಬೈಬಲ್ಲಿನ ಕೆಂಪು ದಾರವನ್ನು ಹಾಳೆಗಳ ನಡುವೆ ಎಳೆದಿಟ್ಟು ಪುಸ್ತಕ ಮುಚ್ಚಿದರು.

ಯಾರೋ ಎದೆ ಹಿಂಡಿಕೊಂಡು ಕೊಟ್ಟ ಕ್ಷಮೆಯನ್ನು ತಂದು ನಮ್ಮ ಲೆಕ್ಕ ಚುಕ್ತಾ ಅಂತ ಬರೆದುಕೊಳ್ಳಲು ನಾವು ಯಾರು? ಹಳೆಯದಂತೆ! ಆ ಎ.ಎಂ.ಇ. ಸಭೆ ಹುಟ್ಟಿದ್ದೇ ಆ ಹಳೆಯದರಿಂದ. ಫಿಲಡೆಲ್ಫಿಯಾದ ಚರ್ಚೊಂದರಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪು ಜನರನ್ನು ರಟ್ಟೆ ಹಿಡಿದು ಎಬ್ಬಿಸಿದರು. ಪ್ರಾರ್ಥನೆ ಮುಗಿಯುವವರೆಗೂ ಕಾಯಲಿಲ್ಲ. ಅವತ್ತು ಹೊರನಡೆದವರಲ್ಲಿ ಒಬ್ಬರಾದ ರಿಚರ್ಡ್ ಆಲೆನ್ 1816ರಲ್ಲಿ ಈ ಸಭೆಯ ಮೊದಲ ಬಿಷಪ್ ಆದರು.

‘ನಾವೇನು ಗುಲಾಮರನ್ನು ಇಟ್ಟುಕೊಂಡಿದ್ದೆವಾ?’ ಅಂತ ಇನ್ನೊಬ್ಬರು ಕೇಳಿದರು. ಇಲ್ಲ, ಇಟ್ಟುಕೊಂಡಿರಲಿಲ್ಲ. ಆದರೆ 1838ರಲ್ಲಿ ಮೇರಿಲ್ಯಾಂಡಿನಲ್ಲಿ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು ತಮ್ಮ ಗುಲಾಮರಾಗಿದ್ದ 272 ಜನರನ್ನು ಮಾರಿದರು, ಆ ಹಣದಲ್ಲಿ ಒಂದು ಪಾಲು ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಿತು. ಮಾರಿದವರು ಯಾವಾಗಲೋ ಮಣ್ಣಾದರು, ಕಾಲೇಜು ಇವತ್ತಿಗೂ ನಿಂತಿದೆ. ಆ 272 ಜನರ ವಂಶದವರೊಂದಿಗೆ ಸೇರಿ ಕಟ್ಟಿದ ಪ್ರತಿಷ್ಠಾನಕ್ಕೆ ಹತ್ತು ಕೋಟಿ ಡಾಲರ್ ಕೂಡಿಸುತ್ತೇವೆ ಅಂತ ಜೆಸ್ಯೂಟರು ಮಾತು ಕೊಟ್ಟಿದ್ದು 2021ರಲ್ಲಿ.

ಬೈಬಲ್ಲಿನ ಸುಂಕ ವಸೂಲಿಗಾರ ಜಕ್ಕಾಯನ ಕಥೆ ನಮಗೆಲ್ಲ ಬಾಯಿಪಾಠ. ಕುಳ್ಳ, ಮರ ಹತ್ತಿದ, ಯೇಸು ಅವನ ಮನೆಗೆ ಹೋದರು. ಆದರೆ ಲೂಕನ ಸುವಾರ್ತೆಯ 19ನೇ ಅಧ್ಯಾಯದ 8ನೇ ವಚನದಲ್ಲಿ ಅವನು ಏನಂದ? ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ಸು. ಈ ಮನೆಗೆ ಇಂದು ರಕ್ಷಣೆ ಬಂತು ಅಂತ ಯೇಸು ಹೇಳಿದ್ದು ಅದಾದ ಮೇಲೆ, 9ರಲ್ಲಿ. ನನ್ನನ್ನು ಕ್ಷಮಿಸಿ, ಹಳೆಯದು ಬಿಡಿ ಅಂತ ಜಕ್ಕಾಯ ಯಾರ ಮುಂದೆಯೂ ಹೇಳಿಲ್ಲ.

ಇಷ್ಟೊಂದು ಸಿಟ್ಟು ಬರಲು ಇನ್ನೊಂದು ಕಾರಣವಿದೆ, ಹೇಳಿಬಿಡುತ್ತೇನೆ. ಈ ಸಭೆಗೆ ಬಂದ ಹೊಸತರಲ್ಲಿ, ತಮ್ಮ ತಂದೆಯನ್ನು ಚರ್ಚಿನ ಬಾಗಿಲಲ್ಲೇ ತಡೆದು ವಾಪಸ್ಸು ಕಳಿಸಿದ ಕಥೆಯನ್ನು ಇದೇ ಸಹೋದರಿ ಹೇಳುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, ‘ಕ್ರಿಸ್ತನಲ್ಲಿ ನಾವೆಲ್ಲ ಒಂದೇ ಅಲ್ಲವೆ’ ಅಂದಿದ್ದೆ. ಆ ಕಥೆಯ ಉಳಿದರ್ಧ ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ಬುಧವಾರ ಲೂಕ 19 ನಾನು ಓದುತ್ತೇನೆ ಅಂತ ಪಾಸ್ಟರ್‌ಗೆ ಮೆಸೇಜ್ ಹಾಕಿದ್ದೇನೆ. 8ನೇ ವಚನ ಓದಿ ನಿಲ್ಲಿಸುತ್ತೇನೆ. ಆಕೆ ಬಂದಿದ್ದರೆ, ಮನಸ್ಸಿದ್ದರೆ, ಆಮೇಲೆ ಮಾತಾಡಬೇಕಾದವರು ಆಕೆ.