ಉತ್ತರಕುಮಾರರ ಒಕ್ಕೂಟ

ಅಮೆರಿಕ ಮತ್ತು ಯುರೋಪಿನ ದೇಶಗಳ ಸೈನಿಕ ಕೂಟವಾದ ನ್ಯಾಟೊದ ಹೆಸರನ್ನು ಬಿಡಿಸಿ ಕನ್ನಡದಲ್ಲಿ ಬರೆದರೆ ‘ಉತ್ತರ ಅಟ್ಲಾಂಟಿಕ್ ಒಪ್ಪಂದ ಸಂಘಟನೆ’ ಎಂದಾಗುತ್ತದೆ. ಆ ಮೊದಲ ಪದವನ್ನು ಇಷ್ಟು ವರ್ಷ ನಾನು ದಿಕ್ಕು ಎಂದೇ ಓದಿಕೊಂಡಿದ್ದೆ. ಅದು ಆಸಾಮಿಯ ಹೆಸರು ಎಂದು ಹೊಳೆದದ್ದು ಈಚೆಗೆ. ವಿರಾಟರಾಯನ ಮಗ ಉತ್ತರಕುಮಾರನೇ ಅವನು. ಕೌರವರು ಗೋವುಗಳನ್ನು ಹಿಡಿದರೆಂಬ ಸುದ್ದಿ ಬಂದಾಗ ಅಂತಃಪುರದ ಹೆಂಗಸರ ನಡುವೆ ಕುಳಿತು, ಒಬ್ಬ ಒಳ್ಳೆಯ ಸಾರಥಿ ಸಿಕ್ಕಿದ್ದರೆ ಭೀಷ್ಮ, ದ್ರೋಣ, ಕರ್ಣರನ್ನೆಲ್ಲ ಒಂದು ಕೈ ನೋಡಿಕೊಳ್ಳುತ್ತಿದ್ದೆ ಎಂದು ಮೀಸೆ ತಿರುವಿದವನು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಗೆ ಕಾರಣಪುರುಷ.

ಯುರೋಪಿನ ಉತ್ತರಕುಮಾರರಿಗೆ 1949ರಲ್ಲೇ ಸಾರಥಿ ಸಿಕ್ಕಿತ್ತು. ವಾಷಿಂಗ್ಟನ್ನಿನಿಂದ ಬಂದ ಆ ಬೃಹನ್ನಳೆ ಏಳು ದಶಕ ರಥವನ್ನೂ ಹೊಡೆದಳು, ಬಾಣವನ್ನೂ ಹೂಡಿದಳು. ಕುಮಾರರು ಹಿಂದೆ ಕುಳಿತು ಗಾಳಿ ಕುಡಿದರು. ಈಗ ಅದೇ ಬೃಹನ್ನಳೆ ಲಗಾಮು ಕೆಳಗಿಟ್ಟು ಬಾಡಿಗೆ ಕೇಳುತ್ತಿದ್ದಾಳೆ. ಕಾಸು ಬಿಚ್ಚದವರನ್ನು ಕಾಪಾಡುವುದಿಲ್ಲ ಎಂದು ಡೊನಾಲ್ಡ್ ಟ್ರಂಪ್ 2024ರ ಫೆಬ್ರುವರಿಯಲ್ಲಿ ಚುನಾವಣಾ ಸಭೆಯೊಂದರಲ್ಲಿ ಸಾರಿದ ಮೇಲೆ, ತಮ್ಮ ಬತ್ತಳಿಕೆಯಲ್ಲಿ ಏನಿದೆ ಎಂದು ಕುಮಾರರು ಬಗ್ಗಿ ನೋಡಿಕೊಳ್ಳತೊಡಗಿದ್ದಾರೆ.

ಏನಿದೆ ಎಂಬುದು ನಮ್ಮ ಸುದ್ದಿವಾಹಿನಿಗಳಿಗಂತೂ ಚೆನ್ನಾಗಿ ಗೊತ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ವಾರದಲ್ಲಿ ನಿರೂಪಕರು ಸ್ಟುಡಿಯೋದೊಳಗೇ ಟ್ಯಾಂಕ್ ಓಡಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಯಾರ ಬಳಿ ಎಷ್ಟು ವಿಮಾನ, ಎಷ್ಟು ಹಡಗು ಎಂಬ ಪಟ್ಟಿ ಪರದೆಯ ತುಂಬ ಕೆಂಪು, ಹಸಿರು ಬಣ್ಣದಲ್ಲಿ ಉರುಳುತ್ತಿತ್ತು. ಪುಸ್ತಕದ ಬದನೆಕಾಯಿ ಅಷ್ಟು ಹೊಳಪಾಗಿ ಹಿಂದೆಂದೂ ಕಂಡಿರಲಿಲ್ಲ. ಪಟ್ಟಿಯಲ್ಲಿ ಒಂದೇ ಒಂದು ಕಾಲಂ ಇರುವುದಿಲ್ಲ: ಇವುಗಳಲ್ಲಿ ಎಷ್ಟು ಈ ಹೊತ್ತು ಸ್ಟಾರ್ಟ್ ಆಗುತ್ತವೆ?

ಜರ್ಮನಿಯಿಂದಲೇ ಹೊರಡೋಣ, ಸರಕು ಅಲ್ಲೇ ಹೆಚ್ಚು. 2014ರಲ್ಲಿ ನಾರ್ವೆಯಲ್ಲಿ ನ್ಯಾಟೊ ಸಮರಾಭ್ಯಾಸ ನಡೆಯಿತು. ಜರ್ಮನಿಯ ಒಂದು ತುಕಡಿಗೆ ಕವಚವಾಹನಗಳ ಮೇಲೆ ಕೂರಿಸಲು ಮೆಷಿನ್ ಗನ್ನುಗಳು ಸಾಲಲಿಲ್ಲ. ಸೈನಿಕರು ಪೊರಕೆಯ ಕೋಲುಗಳಿಗೆ ಕಪ್ಪು ಬಣ್ಣ ಬಳಿದು ಅವುಗಳ ಜಾಗದಲ್ಲಿ ಕಟ್ಟಿದರು. ಆ ತುಕಡಿ ಯಾವುದಕ್ಕೆ ಸೇರಿದ್ದೆಂದರೆ, ಸಂಕಟ ಬಂದಾಗ ಎಲ್ಲರಿಗಿಂತ ಮುಂಚೆ ಧಾವಿಸಬೇಕಾದ ನ್ಯಾಟೊದ ಕ್ಷಿಪ್ರ ಪಡೆಗೆ. ಮರುವರ್ಷ ಸುದ್ದಿ ಹೊರಬಿದ್ದಾಗ, ಆ ವಾಹನಗಳಿಗೆ ಬಂದೂಕಿನ ಅಗತ್ಯವೇ ಇರಲಿಲ್ಲ ಎಂಬ ಸಮಜಾಯಿಷಿ ಬಂತು. ಇರಬಹುದು. ಪೊರಕೆಯ ಅಗತ್ಯವಾದರೂ ಏನಿತ್ತು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಪೊರಕೆ ಸೇವೆಯ ಮಹಿಮೆ ನಮಗೆ ಗೊತ್ತಿಲ್ಲವೇ? ನಮ್ಮ ಅಜ್ಜಿಯರು ಅದೊಂದನ್ನೇ ಹಿಡಿದು ಊರ ಗಡಿಯವರೆಗೆ ಶತ್ರುವನ್ನು ಓಡಿಸಿದವರು. ಆದರೆ ಅವರು ಪೊರಕೆಯನ್ನು ಪೊರಕೆ ಎಂದೇ ಹಿಡಿದಿದ್ದರು, ಬಣ್ಣ ಬಳಿದಿರಲಿಲ್ಲ.

ಮೂರು ವರ್ಷ ಕಳೆದು 2017ರ ಅಕ್ಟೋಬರಿನಲ್ಲಿ ಜರ್ಮನಿಯ ಒಂದು ಜಲಾಂತರ್ಗಾಮಿ ನಾರ್ವೆಯ ಕರಾವಳಿಯಲ್ಲೇ ಬಂಡೆಗೆ ಉಜ್ಜಿ ಚುಕ್ಕಾಣಿ ಮುರಿದುಕೊಂಡಿತು. ದೇಶದ ಬಳಿ ಇದ್ದದ್ದು ಆರು. ಉಳಿದ ಐದು ಏನಾದವು ಎಂದು ಕೇಳಬೇಡಿ, ಅವು ಮೊದಲೇ ರಿಪೇರಿಗೆ ನಿಂತಿದ್ದವು. ಆರಕ್ಕೆ ಆರೂ ಮೂಲೆ ಸೇರಿದ ಆ ದಿನಗಳಲ್ಲೂ ಪಟ್ಟಿಗಳಲ್ಲಿ ‘ಜಲಾಂತರ್ಗಾಮಿ: 6’ ಎಂದೇ ಇತ್ತು. ಮರುವರ್ಷ ಚಾನ್ಸಲರ್ ಏಂಜೆಲಾ ಮರ್ಕೆಲ್ ಜಿ-20 ಸಭೆಗೆಂದು ಬ್ಯೂನಸ್ ಐರಿಸ್‌ಗೆ ಹೊರಟರೆ, ವಾಯುಪಡೆಯ ವಿಮಾನ ಅರ್ಧ ದಾರಿಗೂ ಮುನ್ನ ಹಿಂದಿರುಗಿತು. ಸರ್ಕಾರದ ಮುಖ್ಯಸ್ಥೆ ಸ್ಪೇನಿನ ಸಾರ್ವಜನಿಕ ವಿಮಾನದಲ್ಲಿ ಟಿಕೆಟ್ ಪಡೆದು, ಎಲ್ಲರ ಜೊತೆ ಕುಳಿತು ಹೋದರು. ಇದನ್ನು ಸರಳ ಜೀವನ ಎಂದು ಹೊಗಳಬಹುದಿತ್ತು. 2022ರ ಡಿಸೆಂಬರಿನಲ್ಲಿ ಪೂಮಾ ಎಂಬ ಹೊಚ್ಚಹೊಸ ಯುದ್ಧವಾಹನಗಳನ್ನು ತಾಲೀಮಿಗೆ ಇಳಿಸಿದರು. ಇಳಿಸಿದ್ದು ಹದಿನೆಂಟು, ಕೆಟ್ಟು ನಿಂತದ್ದು ಹದಿನೆಂಟು. ಜರ್ಮನಿಯ ಶಿಸ್ತು ಎಂದರೆ ಹೀಗಿರಬೇಕು. ಕೆಡುವುದರಲ್ಲೂ ಸಾಲು ತಪ್ಪುವುದಿಲ್ಲ.

ಅದೇ ವರ್ಷದ ಜನವರಿಯಲ್ಲಿ ರಷ್ಯಾದ ಸೈನ್ಯ ಉಕ್ರೇನಿನ ಗಡಿಯಲ್ಲಿ ಜಮಾಯಿಸಿದ್ದಾಗ, ಬರ್ಲಿನ್ ನೆರವಿಗೆ ಬಂದದ್ದು 5,000 ಹೆಲ್ಮೆಟ್‌ಗಳೊಂದಿಗೆ. ಮುಂದೇನು ಕಳಿಸುತ್ತೀರಿ, ದಿಂಬುಗಳೇ ಎಂದು ಕೀವ್ ನಗರದ ಮೇಯರ್, ಹಿಂದೆ ಬಾಕ್ಸಿಂಗ್ ಚಾಂಪಿಯನ್ ಆಗಿದ್ದ ವಿಟಾಲಿ ಕ್ಲಿಚ್ಕೊ ಕೇಳಿದರು. ರಷ್ಯಾ ನುಗ್ಗಿದ ದಿನ ಜರ್ಮನಿಯ ಭೂಸೇನೆಯ ಮುಖ್ಯಸ್ಥರೇ, ತಮ್ಮ ಸೈನ್ಯ ಹೆಚ್ಚುಕಡಿಮೆ ಬರಿಗೈಯಲ್ಲಿ ನಿಂತಿದೆ ಎಂದು ಲಿಂಕ್ಡ್‌ಇನ್‌ನಲ್ಲಿ ಬರೆದುಕೊಂಡರು. ಕೆಲಸ ಹುಡುಕುವವರು ಹೋಗುವ ಜಾಗದಲ್ಲಿ ಸೇನಾಪತಿ ತನ್ನ ದುಃಖ ತೋಡಿಕೊಂಡದ್ದು ಸರಿಯಾಗಿಯೇ ಇದೆ. ಆಮೇಲೆ ಹತ್ತು ಸಾವಿರ ಕೋಟಿ ಯೂರೊಗಳ ವಿಶೇಷ ನಿಧಿ ಬಂತು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಮ್ಮವರು ಬೈಗುಳವಾಗಿ ಹೇಳುವುದನ್ನು ಅಲ್ಲಿ ಯುಗಪರಿವರ್ತನೆ ಎಂದು ಕರೆದು ಸಂಸತ್ತಿನಲ್ಲಿ ಚಪ್ಪಾಳೆ ತಟ್ಟಿದರು.

ಜರ್ಮನಿಗೆ ನಗುವವರು ಸ್ವಿಟ್ಜರ್ಲೆಂಡಿನ ಕಡೆಗೂ ಒಮ್ಮೆ ನೋಡಬೇಕು. ಅದು ನ್ಯಾಟೊದಲ್ಲಿ ಇಲ್ಲ, ಯಾರ ಹಂಗಿನಲ್ಲೂ ಇಲ್ಲ, ಬೆಟ್ಟಗಳ ಹೊಟ್ಟೆಯಲ್ಲೆಲ್ಲ ಬಂಕರ್ ಕೊರೆದ ಎಚ್ಚರದ ದೇಶ. 2014ರ ಫೆಬ್ರುವರಿ 17ರ ನಸುಕಿನಲ್ಲಿ ಇಥಿಯೋಪಿಯಾದಿಂದ ರೋಮ್‌ಗೆ ಹೊರಟಿದ್ದ ವಿಮಾನವನ್ನು ಅದರ ಸಹಪೈಲಟ್ಟೇ ಅಪಹರಿಸಿದ. ಕ್ಯಾಪ್ಟನ್ ಶೌಚಾಲಯಕ್ಕೆ ಎದ್ದು ಹೋದದ್ದೇ ತಡ, ಬಾಗಿಲು ಹಾಕಿಕೊಂಡು ಜಿನೀವಾದತ್ತ ತಿರುಗಿಸಿದ. ಇಟಲಿಯ ಯುದ್ಧವಿಮಾನಗಳು ಬೆನ್ನಿಗೆ ಬಂದವು, ಆಮೇಲೆ ಫ್ರಾನ್ಸಿನವು ಬಂದವು. ಸ್ವಿಸ್ ವಾಯುಪಡೆ ಬರಲಿಲ್ಲ. ಕಾರಣ, ಇನ್ನೂ ಬೆಳಗಿನ ಆರು ಗಂಟೆ. ಅವರ ಕಚೇರಿ ತೆರೆಯುವುದು ಎಂಟಕ್ಕೆ. ಮಧ್ಯಾಹ್ನ ಹನ್ನೆರಡರಿಂದ ಒಂದೂವರೆ ಊಟದ ವಿರಾಮ, ಸಂಜೆ ಐದಕ್ಕೆ ಬೀಗ, ಶನಿವಾರ ಮತ್ತು ಭಾನುವಾರ ರಜೆ. ಅಪಹರಣಕಾರ ತಾನೇ ಹಗ್ಗ ಹಿಡಿದು ಕಾಕ್‌ಪಿಟ್ಟಿನ ಕಿಟಕಿಯಿಂದ ಇಳಿದು ಬಂದು ಪೊಲೀಸರಿಗೆ ಶರಣಾದ. ಪುಣ್ಯಾತ್ಮ, ಎರಡು ಗಂಟೆ ತಡವಾಗಿ ಬಂದಿದ್ದರೆ ಟೋಕನ್ ಪಡೆದು ಸರದಿಯಲ್ಲಿ ಕೂರಬೇಕಾಗುತ್ತಿತ್ತು. ನಮ್ಮ ತಾಲ್ಲೂಕು ಕಚೇರಿಗಳ ‘ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ’ ಎಂಬ ಸಂಸ್ಕೃತಿಯ ಬಗ್ಗೆ ನನಗಿದ್ದ ಕೀಳರಿಮೆ ಅಂದೇ ಹೋಯಿತು. ನ್ಯಾಯವಾಗಿ ಹೇಳಬೇಕೆಂದರೆ, 2020ರ ಕೊನೆಯ ಹೊತ್ತಿಗೆ ಅಲ್ಲಿನ ವಾಯುಪಡೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಎಚ್ಚರವಿರುವ ವ್ಯವಸ್ಥೆ ಮಾಡಿಕೊಂಡಿತು.

ಬ್ರಿಟನ್ನಿನ ಕಥೆ ಬೇರೆ. ಸಮುದ್ರವನ್ನು ಆಳಿದ ಮನೆತನ, ಬಡತನ ಬಂದರೂ ಜರಿಪೇಟ ಬಿಡುವುದಿಲ್ಲ. ಎರಡು ಭಾರೀ ವಿಮಾನವಾಹಕ ನೌಕೆಗಳಿವೆ. ‘ಪ್ರಿನ್ಸ್ ಆಫ್ ವೇಲ್ಸ್’ 2022ರ ಆಗಸ್ಟ್‌ನಲ್ಲಿ ಅಮೆರಿಕಕ್ಕೆಂದು ಹೊರಟು, ಮಾರನೆಯ ದಿನವೇ ತವರು ಕರಾವಳಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್ ಕೆಟ್ಟು ನಿಂತಿತು. 2024ರ ಫೆಬ್ರುವರಿಯಲ್ಲಿ ನ್ಯಾಟೊದ ಬೃಹತ್ ಸಮರಾಭ್ಯಾಸಕ್ಕೆ ‘ಕ್ವೀನ್ ಎಲಿಜಬೆತ್’ ಹೊರಡಬೇಕಿತ್ತು. ಅದರ ಶಾಫ್ಟಿಗೂ ಅದೇ ಕಾಯಿಲೆ, ಬದಲಿಗೆ ಪ್ರಿನ್ಸ್ ಹೋದ. ಆ ವರ್ಷದ ಜನವರಿಯಲ್ಲಿ ಪರಮಾಣು ಜಲಾಂತರ್ಗಾಮಿಯಿಂದ ಟ್ರೈಡೆಂಟ್ ಕ್ಷಿಪಣಿಯ ಪರೀಕ್ಷೆ ನಡೆಯಿತು. ಹಡಗಿನಲ್ಲಿ ಸ್ವತಃ ರಕ್ಷಣಾ ಸಚಿವರಿದ್ದರು. ಸಾವಿರಾರು ಕಿಲೋಮೀಟರ್ ಹಾರಬೇಕಿದ್ದ ಕ್ಷಿಪಣಿ ನೀರಿನಿಂದ ತಲೆಯೆತ್ತಿ ನೋಡಿ, ಪಕ್ಕದಲ್ಲೇ ಬಿದ್ದು ಮುಳುಗಿತು. 2016ರ ಪರೀಕ್ಷೆಯೂ ಕೈಕೊಟ್ಟಿತ್ತು. ಆದರೂ ಕ್ಷಿಪಣಿಯ ವಿಶ್ವಾಸಾರ್ಹತೆಗೆ ಧಕ್ಕೆಯಿಲ್ಲ ಎಂದು ಸರ್ಕಾರ ಹೇಳಿತು. ಎರಡು ಸಲವೂ ಒಂದೇ ಬಗೆಯಲ್ಲಿ ವರ್ತಿಸಿದ್ದರಿಂದ ನಂಬಬಹುದು ಎಂದಿರಬೇಕು.

ಸ್ಪೇನಿನವರು ಸ್ವಂತ ಬುದ್ಧಿಯಲ್ಲಿ ಜಲಾಂತರ್ಗಾಮಿ ಕಟ್ಟಲು ಹೊರಟರು. 2013ರಲ್ಲಿ ತೂಕ ಹಾಕಿದಾಗ ಎಪ್ಪತ್ತು ಟನ್ನಿಗೂ ಮಿಕ್ಕಿ ಹೆಚ್ಚಾಗಿತ್ತು. ಮುಳುಗುವುದೇನೋ ಖಂಡಿತ, ಮೇಲೇಳುವುದರ ಬಗ್ಗೆ ಅನುಮಾನ. ಪರಿಹಾರವೆಂದು ಅದನ್ನು ಹತ್ತು ಮೀಟರ್ ಉದ್ದ ಮಾಡಿದರು. ಆಗ ಅದು ಬಂದರಿನ ಕಟ್ಟೆಯಲ್ಲಿ ಹಿಡಿಸದಾಯಿತು. ಬಂದರನ್ನೇ ಹಿಗ್ಗಿಸಲು ಹೊರಟರು.

ಡಚ್ಚರು 2011ರಲ್ಲಿ ಇನ್ನು ಯುದ್ಧಗಳೆಲ್ಲ ಮುಗಿದವು ಎಂದುಕೊಂಡು, ಇದ್ದ ಟ್ಯಾಂಕುಗಳನ್ನೆಲ್ಲ ಮಾರಲು ಇಟ್ಟರು. ಮದ್ದುಗುಂಡಿಗೂ ಎಂಥ ಬರ ಬಂತೆಂದರೆ, 2015ರ ಹೊತ್ತಿಗೆ ತರಬೇತಿಯಲ್ಲಿ ಸೈನಿಕರು ಬಂದೂಕು ಗುರಿಯಿಟ್ಟು ಬಾಯಲ್ಲಿ ‘ಪಂಗ್ ಪಂಗ್’ ಎಂದು ಕೂಗುತ್ತಿದ್ದರು. ಯಕ್ಷಗಾನದಲ್ಲಿ ಇದು ನಡೆಯುತ್ತದೆ. ಎದುರಿನ ವೇಷಧಾರಿ ಬಿದ್ದುಕೊಡುತ್ತಾನೆ. ಡಚ್ಚರ ನೂರು ಟ್ಯಾಂಕುಗಳನ್ನು ಸದ್ದಿಲ್ಲದೆ ಕೊಂಡದ್ದು ಫಿನ್ಲೆಂಡ್. ರಷ್ಯಾದೊಂದಿಗೆ 1,300 ಕಿಲೋಮೀಟರಿಗೂ ಉದ್ದದ ಗಡಿ ಹಂಚಿಕೊಂಡ, ಐವತ್ತಾರು ಲಕ್ಷ ಜನರ ಆ ದೇಶ ಬಹುಪಾಲು ಪ್ರಜೆಗಳಿಗೆ ಸಾಲುವಷ್ಟು ನೆಲಮಾಳಿಗೆ ಆಶ್ರಯಗಳನ್ನು ಕಟ್ಟಿಕೊಂಡಿದೆ. ಯುದ್ಧ ಬಂದರೆ 2,80,000 ಸೈನಿಕರನ್ನು ನಿಲ್ಲಿಸಬಲ್ಲದು. ತಮಾಷೆಯೆಂದರೆ 2010ರ ದಶಕದಲ್ಲಿ ಅದು ಸೈನ್ಯಕ್ಕೆ ಖರ್ಚು ಮಾಡಿದ್ದು ಜಿಡಿಪಿಯ ಶೇ 2ಕ್ಕಿಂತ ಕಡಿಮೆ. ಶೇ 2ನ್ನಾದರೂ ಸೈನ್ಯಕ್ಕೆ ಸುರಿಯಬೇಕೆಂಬ ನ್ಯಾಟೊದ ಅಂದಿನ ಅಳತೆಗೋಲಿನಲ್ಲಿ ಫೇಲಾದ ಹುಡುಗ.

ಈ ಅಳತೆಗೋಲಿನ ಬಗ್ಗೆ ನನಗೆ ಹೊಟ್ಟೆಯುರಿ ಇದೆ. ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಹಿಡಿದು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಎತ್ತಿನ ಯಜಮಾನ ತನ್ನ ವರಮಾನದಲ್ಲಿ ಶೇಕಡಾ ಎಷ್ಟನ್ನು ಹಿಂಡಿಗೆ ಹಾಕಿದ ಎಂದು ಕೇಳಿ, ಅದನ್ನೇ ಎತ್ತಿನ ಬಲವೆಂದು ಬರೆದುಕೊಳ್ಳುವುದಿಲ್ಲ. ನ್ಯಾಟೊ ಬರೆದುಕೊಳ್ಳುತ್ತದೆ. ಈ ಲೆಕ್ಕದಲ್ಲಿ ನಿವೃತ್ತ ಸೈನಿಕರ ಪಿಂಚಣಿಯೂ ಸೇರುತ್ತದೆ. ಎಂಬತ್ತರ ಅಜ್ಜ ಬ್ರಸೆಲ್ಸ್‌ನ ಉದ್ಯಾನದಲ್ಲಿ ಪಾರಿವಾಳಕ್ಕೆ ಕಾಳು ಹಾಕುತ್ತ ಕುಳಿತಿದ್ದರೆ, ಪುಟಿನ್ನರ ಎದೆ ಅಷ್ಟರಮಟ್ಟಿಗೆ ನಡುಗಬೇಕು. ಗ್ರೀಸ್ ಈ ಪರೀಕ್ಷೆಯಲ್ಲಿ ಯಾವಾಗಲೂ ಪಾಸು. ಸಾಲದಲ್ಲಿ ಮುಳುಗಿ ಸೈನ್ಯದ ಖರ್ಚು ಕತ್ತರಿಸಿದ ವರ್ಷಗಳಲ್ಲೂ ಅದು ಶೇ 2ರ ಮೇಲೇ ಇತ್ತು, ಏಕೆಂದರೆ ಜಿಡಿಪಿಯೂ ಜೊತೆಯಲ್ಲೇ ಕುಸಿದಿತ್ತು. ಮನೆ ದಿವಾಳಿಯಾದರೆ ಕಾವಲುನಾಯಿಯ ಪಾಲಿನ ಶೇಕಡಾವಾರು ತಾನಾಗಿ ಏರುತ್ತದೆ. ಗ್ರೀಸಿನಲ್ಲಿ ಸಾವಿರಕ್ಕೂ ಹೆಚ್ಚು ಟ್ಯಾಂಕುಗಳಿವೆ. ಜರ್ಮನಿ, ಫ್ರಾನ್ಸ್, ಬ್ರಿಟನ್ ಮೂರರದ್ದನ್ನೂ ಕೂಡಿಸಿದರೂ ಅಷ್ಟಾಗುವುದಿಲ್ಲ. ಅವುಗಳ ಮೂತಿ ತಿರುಗಿರುವುದು ರಷ್ಯಾದತ್ತ ಅಲ್ಲ, ಅದೇ ನ್ಯಾಟೊದ ಸದಸ್ಯನಾದ ಟರ್ಕಿಯತ್ತ.

2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ಸೇರಿದ ಕುಮಾರರು 2035ರ ಹೊತ್ತಿಗೆ ಶೇ 5 ಖರ್ಚು ಮಾಡುತ್ತೇವೆ ಎಂದು ಬೃಹನ್ನಳೆಗೆ ಮಾತು ಕೊಟ್ಟರು. ಸ್ಪೇನ್ ಮಾತ್ರ ತನಗೆ ಶೇ 2.1 ಸಾಕು ಎಂದು ಪಕ್ಕಕ್ಕೆ ಸರಿಯಿತು. ಐದರಲ್ಲಿ ಮೂರೂವರೆ ನಿಜವಾದ ಸೈನ್ಯಕ್ಕೆ, ಉಳಿದ ಒಂದೂವರೆ ರಸ್ತೆ, ಸೇತುವೆ, ಬಂದರು ಮುಂತಾದ ‘ಸಂಬಂಧಿತ’ ಬಾಬತ್ತುಗಳಿಗೆ. ಸಂಬಂಧಿತ ಎಂಬ ಪದ ಕಿವಿಗೆ ಬಿದ್ದದ್ದೇ ಇಟಲಿಯ ಕಣ್ಣರಳಿತು. ಸಿಸಿಲಿಗೆ ಮೆಸ್ಸಿನಾ ಜಲಸಂಧಿಯ ಮೇಲೆ ಕಟ್ಟಬೇಕೆಂದು ದಶಕಗಳಿಂದ ಕನಸು ಕಾಣುತ್ತಿದ್ದ, 1,350 ಕೋಟಿ ಯೂರೊ ವೆಚ್ಚದ ಸೇತುವೆ ಇದೆಯಲ್ಲ, ಅದೂ ರಕ್ಷಣಾ ವೆಚ್ಚವೇ ಎಂದು ಅಲ್ಲಿನ ಮಂತ್ರಿಗಳು ಮಾತಾಡತೊಡಗಿದರು. ರಷ್ಯಾದವರು ಸಿಸಿಲಿಗೆ ಕಿತ್ತಳೆ ಕೀಳಲು ಬಂದರೆ ಸೈನ್ಯ ದಾಟಬೇಡವೇ? ನ್ಯಾಟೊದಲ್ಲಿರುವ ಅಮೆರಿಕದ ರಾಯಭಾರಿ ಇಂಥ ಸೇತುವೆ ಲೆಕ್ಕಗಳಿಗೆ ಮುಖ ಸಿಂಡರಿಸಿದ ಮೇಲೆ ಆ ಮಾತು ತಣ್ಣಗಾಯಿತು. ನಮ್ಮಲ್ಲಿ ಮನೆ ಕಟ್ಟಿದ ಖರ್ಚಿನಲ್ಲಿ ಮಗಳ ಮದುವೆ ಚಪ್ಪರವನ್ನೂ ಸೇರಿಸಿ ಬ್ಯಾಂಕಿಗೆ ತೋರಿಸುವ ಯಜಮಾನರಿದ್ದಾರೆ. ಅವರೆಲ್ಲ ರೋಮ್‌ನಲ್ಲಿ ಹುಟ್ಟಬೇಕಿತ್ತು.

ಒಂದು ವೇಳೆ ಎಲ್ಲವೂ ಸ್ಟಾರ್ಟ್ ಆಯಿತು ಎನ್ನಿ, ಗಡಿಗೆ ಹೋಗುವುದು ಹೇಗೆ? ಅಮೆರಿಕದ ಬಳಿ ಒಂದು ಬಗೆಯ ಮುಖ್ಯ ಯುದ್ಧಟ್ಯಾಂಕ್ ಇದ್ದರೆ ಯುರೋಪಿನಲ್ಲಿ ಹದಿನೇಳು ಬಗೆ ಎಂದು ಯುರೋಪಿಯನ್ ಆಯೋಗವೇ 2017ರಲ್ಲಿ ಎಣಿಸಿತ್ತು. ಒಂದರ ನಟ್ಟು ಇನ್ನೊಂದರ ಬೋಲ್ಟಿಗೆ ಕೂರುವುದಿಲ್ಲ. ತನ್ನ ಗಡಿಯನ್ನು ಮಿತ್ರಸೈನ್ಯ ದಾಟಬೇಕಾದರೆ 45 ದಿನ ಮೊದಲೇ ಅರ್ಜಿ ಹಾಕಬೇಕೆಂಬ ನಿಯಮವಿರುವ ದೇಶವೊಂದಿದೆ ಎಂದು ಯುರೋಪಿನ ಲೆಕ್ಕಪರಿಶೋಧಕರು 2025ರಲ್ಲಿ ಬರೆದರು. ಒಂದು ದೇಶದ ಟ್ಯಾಂಕುಗಳನ್ನು ಪಕ್ಕದ ದೇಶ ತನ್ನ ರಸ್ತೆಗೆ ಬಿಡಲಿಲ್ಲ. ಮೋಟಾರು ನಿಯಮಕ್ಕಿಂತ ತೂಕ ಹೆಚ್ಚಾಗಿತ್ತಂತೆ. ರೈಲಿನಲ್ಲಿ ಏರಿಸಿ ರಷ್ಯಾದ ಪಕ್ಕದ ಬಾಲ್ಟಿಕ್ ದೇಶಗಳ ಕಡೆಗೆ ಕಳಿಸೋಣವೆಂದರೆ, ಅಲ್ಲಿ ಹಳಿಯ ಅಗಲವೇ ಬೇರೆ: ಉಳಿದೆಡೆ 1,435 ಮಿಲಿಮೀಟರ್, ಅಲ್ಲಿ ತ್ಸಾರ್ ದೊರೆಗಳ ಕಾಲದಿಂದ ಉಳಿದ ಅಗಲ ಹಳಿ. ಆ ಹಳಿಗೆ ಸರಿಯಾಗಿ ಹೊಂದುವ ರೈಲುಗಳು ಬರುವುದು ರಷ್ಯಾದ ಕಡೆಯಿಂದ. ಈ ತೊಡಕು ನೀಗಲು ಹೊಸ ಹಳಿ ಹಾಕುತ್ತಿದ್ದಾರೆ. ಯುದ್ಧ ಅದು ಮುಗಿಯುವವರೆಗೆ ಕಾಯಬೇಕು.

ಡೆನ್ಮಾರ್ಕ್ ಮಾತ್ರ ತ್ಯಾಗಕ್ಕೆ ಹಿಂಜರಿಯಲಿಲ್ಲ. ಸೈನ್ಯಕ್ಕೆ ಹಣ ಹೊಂದಿಸಲು 2024ರಿಂದ ಒಂದು ಸಾರ್ವಜನಿಕ ರಜೆಯನ್ನೇ ರದ್ದು ಮಾಡಿತು. ಮುನ್ನೂರು ವರ್ಷಕ್ಕೂ ಹಳೆಯ ಆ ರಜೆಯ ಹೆಸರು ‘ಮಹಾ ಪ್ರಾರ್ಥನೆಯ ದಿನ’. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದರಿನಲ್ಲಿ ನಿಂತಿದ್ದ ಯುದ್ಧನೌಕೆಯೊಂದರ ಕ್ಷಿಪಣಿ ಪರೀಕ್ಷೆಯ ವೇಳೆ ಚಾಲೂ ಆಗಿ, ಆರಿಸಲು ಬಾರದೆ, ಎದುರಿನ ಜಲಮಾರ್ಗವನ್ನು ಗಂಟೆಗಟ್ಟಲೆ ಮುಚ್ಚಬೇಕಾಯಿತು. ಪ್ರಾರ್ಥನೆಯ ದಿನವನ್ನು ಕಿತ್ತುಹಾಕಲು ಆರಿಸಿಕೊಂಡ ವರ್ಷ ಅದು.

ಪಟ್ಟಿಯ ತಳದಲ್ಲಿ ಐರ್ಲೆಂಡ್ ಇದೆ. ಯುದ್ಧವಿಮಾನ ಇಲ್ಲ, ಜಲಾಂತರ್ಗಾಮಿ ಇಲ್ಲ, ಟ್ಯಾಂಕ್ ಇಲ್ಲ, ನಾವಿಕರ ಕೊರತೆಯಿಂದ ಇದ್ದ ಹಡಗುಗಳಲ್ಲೂ ಹಲವು ದಡದಲ್ಲಿ. 2022ರ ಜನವರಿಯಲ್ಲಿ ರಷ್ಯಾದ ನೌಕಾಪಡೆ ಐರ್ಲೆಂಡಿನ ನೈರುತ್ಯಕ್ಕೆ, ಸಮುದ್ರದಲ್ಲಿ ಅದರ ಆರ್ಥಿಕ ವಲಯದೊಳಗೇ ಗುಂಡು ಹಾರಿಸುವ ತಾಲೀಮು ನಡೆಸುವುದಾಗಿ ತಿಳಿಸಿತು. ಡಬ್ಲಿನ್ ಸರ್ಕಾರ ನಿಮಗೆ ಸ್ವಾಗತವಿಲ್ಲ ಎಂದಿತು. ಅದಕ್ಕಿಂತ ಹೆಚ್ಚು ಮಾಡುವಂತಿರಲಿಲ್ಲ. ಆಗ ಕಾರ್ಕ್ ಕಡೆಯ ಮೀನುಗಾರರು ಎದ್ದರು. ಅದು ನಮ್ಮ ಮೀನಿನ ಜಾಗ, ನಾವು ದೋಣಿ ತೆಗೆದುಕೊಂಡು ಅಲ್ಲಿಗೇ ಹೋಗಿ ಬಲೆ ಹಾಕುತ್ತೇವೆ ಎಂದರು. ಡಬ್ಲಿನ್ನಿಗೆ ಹೋಗಿ ರಷ್ಯಾದ ರಾಯಭಾರಿಯ ಎದುರು ಕುಳಿತು ಅದನ್ನೇ ಹೇಳಿ ಬಂದರು. ಕೆಲವೇ ದಿನಗಳಲ್ಲಿ ಮಾಸ್ಕೊ, ಸದ್ಭಾವನೆಯ ದ್ಯೋತಕವಾಗಿ ತಾಲೀಮನ್ನು ಆ ವಲಯದ ಆಚೆಗೆ ಸರಿಸುತ್ತೇವೆ ಎಂದು ಪ್ರಕಟಿಸಿತು. ಮೀನುಗಾರರು ದೋಣಿಗಳಿಗೆ ಡೀಸೆಲ್ ತುಂಬಿಸಿಕೊಂಡು ಮೀನಿಗೆ ಹೋದರು.